ಬಿಸಿ ಪೈಪನ್ನು ಕಾದೆವು, ತಣ್ಣನೆಯ ಡ್ರಮ್ಮು ಉಬ್ಬಿತು

ಮೊನ್ನೆ ಮದ್ದೂರಿನಿಂದ ಅಕ್ಕನ ಮಗ ಮೈಸೂರಿನ ನಮ್ಮನೆಗೆ ಬಂದಿದ್ದ. ರಿಫೈನರಿಯಲ್ಲಿ ಇನ್‌ಸ್ಪೆಕ್ಷನ್ ಕೆಲಸಕ್ಕೆ ಸೇರಿ ಎರಡು ವರ್ಷ. ಕಾಫಿ ಲೋಟ ಕೆಳಗಿಡುವ ಮೊದಲೇ ಶುರು ಮಾಡಿದ: "ಮಾವ, ನಮ್ಮ ಕ್ರ್ಯಾಕರ್‌ಗೆ ಇನ್ಮೇಲೆ ಸಲ್ಫರ್ ಜಾಸ್ತಿ ಇರೋ ಫೀಡ್ ಬರುತ್ತಂತೆ. ಯಾವ ಪೈಪಿನ ದಪ್ಪ ಮೊದಲು ನೋಡ್ಲಿ?" ಭಾರದ ಎಣ್ಣೆಯನ್ನು ಒಡೆದು ಹಗುರ ಮಾಡುವ ಘಟಕವೇ ಕ್ರ್ಯಾಕರ್, ಅದಕ್ಕೆ ಹೋಗುವ ಎಣ್ಣೆ ಫೀಡ್.

"ಪೈಪು ಆಮೇಲೆ ನೋಡೋವಂತೆ. ವಾಶ್ ವಾಟರ್, ಅಂದ್ರೆ ಗ್ಯಾಸನ್ನ ತೊಳೆಯೋಕೆ ಬಿಡೋ ನೀರು, ಎಷ್ಟು ಹೋಗ್ತಿದೆ ಅಂತ ಮೊದಲು ನೋಡು" ಅಂದೆ. ಇದೇನು ಹೇಳ್ತಾರೆ ಇವರು ಅನ್ನೋ ಹಾಗೆ ಮುಖ ನೋಡಿದ. ಅವನ ವಯಸ್ಸಿನಲ್ಲಿ ನಾನೂ ಹಾಗೇ ಇದ್ದೆ.

ಆಗ ನಾನಿದ್ದದ್ದು ದೂರದ ಊರಿನ ಒಂದು ರಿಫೈನರಿಯಲ್ಲಿ. ಅಗ್ಗಕ್ಕೆ ಸಿಗುತ್ತದೆಂದು ಸಲ್ಫರ್ ಜಾಸ್ತಿಯಿರುವ ಭಾರದ ಕ್ರೂಡ್ (ಕಚ್ಚಾ ಎಣ್ಣೆ) ತರಿಸಲು ಶುರು ಮಾಡಿದರು. ಓದಿದ್ದು ನೆನಪಿತ್ತು: ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಲ್ಫರ್ ನೇರವಾಗಿ ಕಬ್ಬಿಣವನ್ನು ತಿನ್ನುತ್ತದೆ, ಕ್ರೋಮಿಯಂ ಹೆಚ್ಚಿದಷ್ಟೂ ಉಕ್ಕು ತಡೆಯುತ್ತದೆ. ಫೀಡ್ ಲೈನು, ಒಡೆದ ಎಣ್ಣೆಯನ್ನು ಬೇರೆ ಬೇರೆ ಮಾಡುವ ಗೋಪುರದ (ಫ್ರಾಕ್ಷನೇಟರ್) ತಳದಿಂದ ಬರುವ ಭಾರದ ಎಣ್ಣೆಯ ಸ್ಲರಿ ಲೈನು, ಪಂಪಿನ ಸುತ್ತಮುತ್ತ ಎಲ್ಲ ಕಡೆ ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಯಂತ್ರ ಹಿಡಿದು ಓಡಾಡಿದೆವು. ಪೈಪು ತಿರುಗುವ ಎಲ್ಬೋಗಳನ್ನು ಮಾತ್ರ ನೋಡಿ ಸುಮ್ಮನಾಗದೆ, ಬೆಸುಗೆಯಿಂದ ಬೆಸುಗೆಗೆ ಇರುವ ಪ್ರತಿ ತುಂಡನ್ನೂ ಅಳೆದೆವು. ಹಳೇ ಕಾರ್ಬನ್ ಸ್ಟೀಲಿನಲ್ಲಿ ಸಿಲಿಕಾನ್ 0.10 ಶೇಕಡಾಕ್ಕಿಂತ ಕಡಿಮೆ ಇದ್ದರೆ, ಅದೇ ಲೈನಿನಲ್ಲಿ ಒಂದು ತುಂಡು ಚೆನ್ನಾಗಿದ್ದು ಪಕ್ಕದ್ದು ಕಾಗದದಂತಾಗಿರಬಹುದು. 2012ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ರಿಚ್ಮಂಡ್ ರಿಫೈನರಿಯ ಕ್ರೂಡ್ ಘಟಕದಲ್ಲಿ 8 ಇಂಚಿನ ಪೈಪು ಒಡೆದು ಬೆಂಕಿ ಹೊತ್ತಿದ್ದು ಇಂಥದೇ ತುಂಡಿನಿಂದ. ಅಂದಹಾಗೆ, ಉಕ್ಕಿಗೆ ಹಿಡಿದರೆ ಕ್ರೋಮಿಯಂ ಎಷ್ಟೆಂದು ತೋರಿಸುವ ಗನ್ನಿನಂಥ ಕೈಯಂತ್ರ ಅಷ್ಟು ಕಡಿಮೆ ಸಿಲಿಕಾನನ್ನು ನಂಬುವ ಹಾಗೆ ತೋರಿಸುವುದಿಲ್ಲ. ಅದರ ಮೇಲೆ ಭಾರ ಹಾಕಿ ನಿದ್ದೆ ಮಾಡುವವರನ್ನು ಬೇಕಾದಷ್ಟು ನೋಡಿದ್ದೇನೆ.

ಬಿಸಿ ಕಡೆ ಎಲ್ಲ ಸರಿಯಿತ್ತು. ಕೈಕೊಟ್ಟದ್ದು ತಣ್ಣನೆಯ ಕಡೆ. ಗ್ಯಾಸ್ ಕಂಪ್ರೆಸರ್ ದಾಟಿದ ಮೇಲೆ ಬರುವ, ಗ್ಯಾಸನ್ನೂ ನೀರನ್ನೂ ಬೇರೆ ಮಾಡುವ ಸೆಪರೇಟರ್ ಡ್ರಮ್ಮು, ಕೈಯಿಟ್ಟರೆ ಉಗುರುಬೆಚ್ಚಗಷ್ಟೇ ಇರುತ್ತದೆ. ಅದನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ಶಟ್‌ಡೌನಿನಲ್ಲಿ ಮ್ಯಾನ್‌ಹೋಲ್ ತೆಗೆದು ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದೆ. ಕಾವಲಿ ಮೇಲಿನ ರೊಟ್ಟಿ ಉಬ್ಬಿದ ಹಾಗೆ ಉಕ್ಕು ಅಲ್ಲಲ್ಲಿ ಉಬ್ಬಿಕೊಂಡಿತ್ತು. ಒಂದು ಗುಳ್ಳೆ ನನ್ನ ಅಂಗೈಯಷ್ಟಿತ್ತು. ಸವೆತ ನೋಡಿದರೆ ಹೇಳಿಕೊಳ್ಳುವಷ್ಟಿಲ್ಲ.

ಚಿಂದಿ ಬಟ್ಟೆಯಲ್ಲಿ ಕರಿ ಕೆಸರನ್ನು ಒರೆಸಿದೆ. ಊಟ ಮುಗಿಸಿ ಬಂದು ನೋಡುತ್ತೇನೆ, ಒರೆಸಿದ ಜಾಗವೂ ಬಟ್ಟೆಯೂ ನೀಲಿ! ನಮ್ಮಮ್ಮ ಬಿಳಿ ಪಂಚೆಗೆ ಹಾಕುತ್ತಿದ್ದ ನೀಲಿಯಂಥದೇ ಬಣ್ಣ. ಕಬ್ಬಿಣದ ಸಯನೈಡ್ ಗಾಳಿಗೆ ತೆರೆದುಕೊಂಡರೆ ಹೀಗೆ ನೀಲಿಯಾಗುತ್ತದೆ. ಕಳ್ಳ ಸಿಕ್ಕಿದ.

ನಡೆದದ್ದು ಇಷ್ಟು. ಭಾರದ ಕ್ರೂಡಿನಲ್ಲಿ ಸಲ್ಫರ್ ಒಂದೇ ಬರುವುದಿಲ್ಲ, ಜೊತೆಗೆ ನೈಟ್ರೋಜನ್ನೂ ಬರುತ್ತದೆ. ನಾವು ದಿನಾ ಸಲ್ಫರ್ ಅಳೆದೆವೇ ಹೊರತು ನೈಟ್ರೋಜನ್ ಎಷ್ಟೆಂದು ಕೇಳಲೇ ಇಲ್ಲ. ಕ್ರ್ಯಾಕಿಂಗ್‌ನಲ್ಲಿ ಫೀಡಿನ ಸಲ್ಫರ್‌ನ ದೊಡ್ಡ ಪಾಲು ಹೈಡ್ರೋಜನ್ ಸಲ್ಫೈಡ್ ಆಗುತ್ತದೆ, ನೈಟ್ರೋಜನ್‌ನ ಒಂದಂಶ ಅಮೋನಿಯಾ, ಚೂರು ಸಯನೈಡ್. ಗ್ಯಾಸ್ ತಣ್ಣಗಾಗಿ ನೀರು ಇಳಿದಾಗ ಎಲ್ಲ ಅದರಲ್ಲಿ ಸೇರುತ್ತವೆ. ಮಾಮೂಲಿಯಾಗಿ ಉಕ್ಕಿನ ಮೇಲೆ ಕಬ್ಬಿಣದ ಸಲ್ಫೈಡಿನ ಕರಿ ಪದರ ಕೂತು ಕಾಪಾಡುತ್ತದೆ. ಪಳಗಿದ ದೋಸೆ ಕಾವಲಿಯ ಕಪ್ಪಿದ್ದಂತೆ ಅದು. ಸಯನೈಡ್ ಬಂದರೆ ಯಾರೋ ಗೊತ್ತಿಲ್ಲದವರು ಕಾವಲಿಯನ್ನು ಗಸಗಸ ಉಜ್ಜಿ ತೊಳೆದಂತೆ. ಪದರ ಹೋದಲ್ಲಿ ಹೈಡ್ರೋಜನ್ ಪರಮಾಣುಗಳು ಉಕ್ಕಿನೊಳಕ್ಕೆ ನುಗ್ಗಿ, ಒಳಗೆಲ್ಲೋ ಕಲ್ಮಶ ಸಿಕ್ಕಲ್ಲಿ ಜೋಡಿಯಾಗಿ ಅನಿಲವಾಗುತ್ತವೆ. ಅನಿಲ ಆಚೆ ಬರಲಾರದೆ ಉಕ್ಕನ್ನೇ ಉಬ್ಬಿಸುತ್ತದೆ.

ಸಯನೈಡನ್ನು ತೊಳೆದು ತೆಳುವಾಗಿಸಿ ಇದನ್ನು ತಡೆಯಬೇಕಿದ್ದ ವಾಶ್ ವಾಟರ್ ಏನಾಗಿತ್ತು? ಲಾಗ್‌ಬುಕ್ ತಿರುವಿದೆ. ವಾಲ್ವನ್ನು ಅರ್ಧಕ್ಕಿಳಿಸಿ ತಿಂಗಳುಗಳೇ ಆಗಿತ್ತು. ಹೊಸ ಫೀಡಿನಿಂದ ಇಂಥ ಕೊಳೆ ನೀರನ್ನು ಶುದ್ಧ ಮಾಡುವ ಸೋರ್ ವಾಟರ್ ಸ್ಟ್ರಿಪ್ಪರ್ ತುಂಬಿ ತುಳುಕುತ್ತಿತ್ತು, ಅದರ ಹೊರೆ ಇಳಿಸೋಣವೆಂದು ಶಿಫ್ಟಿನವರು ಇಲ್ಲಿ ನೀರು ಕಡಿಮೆ ಮಾಡಿದ್ದರು. ಅವರನ್ನು ಬೈಯಲು ಮನಸ್ಸು ಬರಲಿಲ್ಲ. ಅವರ ಪಾಲಿಗೆ ಅದು ಬರೀ ನೀರು. ಅದು ಯಾವುದಕ್ಕೆ ಅಂತ ನಾವು ಇನ್‌ಸ್ಪೆಕ್ಷನ್‌ನವರು ಎಂದಾದರೂ ಹೇಳಿದ್ದೆವೇ?

ನೀರನ್ನು ಮತ್ತೆ ಪೂರ್ತಿ ಬಿಡಿಸಿದೆವು. ಅದರ ಜೊತೆ ಅಮೋನಿಯಂ ಪಾಲಿಸಲ್ಫೈಡ್ ಹಾಕತೊಡಗಿದೆವು, ಅದು ಸಯನೈಡನ್ನು ಅಷ್ಟೇನೂ ಕೇಡು ಮಾಡದ ಥಯೋಸಯನೇಟ್ ಮಾಡುತ್ತದೆ. ಡೋಸ್ ಸಾಲುತ್ತಿದೆಯೇ ಎನ್ನಲು ಲ್ಯಾಬ್ ವರದಿಗಿಂತ ಮೊದಲು ಕಣ್ಣೇ ಸಾಕು: ಡ್ರಮ್ಮಿನ ತಳದಿಂದ ಹಿಡಿದ ನೀರಿನಲ್ಲಿ ತಿಳಿ ಹಳದಿ ಉಳಿದಿರಬೇಕು. ಹಾಗಂತ ಸುರಿದರೂ ಕಷ್ಟ. ನೀರಿನ ಕ್ಷಾರತೆ ಇಳಿದರೆ ಪಾಲಿಸಲ್ಫೈಡ್ ಒಡೆದು ಗಂಧಕ ಉದುರುತ್ತದೆ, ನಮಗೂ ಒಂದು ಸಲ ಲೈನು ಕಟ್ಟಿಕೊಂಡಿತು. ಉಬ್ಬಿದ ಭಾಗ ಕತ್ತರಿಸಿ ಹೊಸ ತಗಡು ಹಾಕಿಸಿದಾಗ ಬೆಸುಗೆಯ ಗಡಸುತನ 200 ಬ್ರಿನೆಲ್ ದಾಟಬಾರದೆಂದು ಪಟ್ಟು ಹಿಡಿದೆ. ಬೆಸುಗೆ ಆದ ಮೇಲೆ ಮತ್ತೆ ಕಾಯಿಸಿ ಲೋಹದೊಳಗೆ ಉಳಿದ ಬಿಗಿತ ತೆಗೆಸಿದೆ. ಕಂಟ್ರಾಕ್ಟರ್ ಗೊಣಗಿದ, ಗೊಣಗಲಿ.

ಇಷ್ಟೆಲ್ಲ ಕೇಳಿದ ಮೇಲೆ ಹುಡುಗ, "ಆ ಕೆಸರು ಏನಾಯ್ತು ಮಾವ?" ಅಂದ.

ಒಳ್ಳೇ ಪ್ರಶ್ನೆ. ಸಲ್ಫೈಡ್ ಕೆಸರು ಒಣಗಿದರೆ ಗಾಳಿಗೇ ತಾನಾಗಿ ಹೊತ್ತಿಕೊಳ್ಳುತ್ತದೆ. ಡ್ರಮ್ಮಿನೊಳಗೆ ನೀರು ಚಿಮುಕಿಸುತ್ತಲೇ ಇದ್ದ ನಾವು, ಆಚೆ ತೆಗೆದು ಬಕೆಟ್ಟಿಗೆ ತುಂಬಿದ್ದನ್ನು ಮರೆತಿದ್ದೆವು. ಮಧ್ಯಾಹ್ನ ಮೂರರ ಬಿಸಿಲಿಗೆ ಬಕೆಟ್ಟು ಹೊಗೆಯಾಡಿತು. ಆ ನೀಲಿ ಬಟ್ಟೆಯನ್ನು ಮ್ಯಾನೇಜರಿಗೆ ತೋರಿಸೋಣ ಅಂತ ಅದರ ಮೇಲೇ ಇಟ್ಟಿದ್ದೆ. ಅದೂ ಸುಟ್ಟುಹೋಯಿತು.