ಗುರಿಗೆ ಬೆನ್ನು ಹಾಕಿ ಕೂತ 11 ವರ್ಷ

ನಮ್ಮೂರು ಯಾದಗಿರಿ ತಾಲ್ಲೂಕಿನಲ್ಲಿ, ಭೀಮಾ ದಂಡೆಗೆ ಇದೆ. ಹೊಳೆ ತುಂಬಿದಾಗ ಆಚೆ ದಂಡೆಯ ಹೊಲಕ್ಕೆ ಹೋಗಲು ಸೋದರಮಾವನ ಹರಿಗೋಲೇ ಗತಿ. ಹತ್ತು ವರ್ಷದವನಿದ್ದಾಗಲೇ ನಾನು ಹುಟ್ಟು ಹಿಡಿದಿದ್ದೆ. ಸೈನ್ಯ ಸೇರಿದ ಮೇಲೆ ನನ್ನ ಎತ್ತರ ನೋಡಿ ಪುಣೆಯ ರೋಯಿಂಗ್ ಕೇಂದ್ರಕ್ಕೆ ಕಳಿಸಿದರು. ಇದು ನನಗೆ ಗೊತ್ತಿರುವ ಕೆಲಸ ಅಂದುಕೊಂಡೇ ಹೋದೆ. ಮೊದಲ ದಿನ ಮೂರು ಸಲ ನೀರಿಗೆ ಬಿದ್ದೆ.

ಒಬ್ಬರೇ ಕೂರುವ ದೋಣಿಗೆ ಸಿಂಗಲ್ ಸ್ಕಲ್ ಅನ್ನುತ್ತಾರೆ. ಉದ್ದ ಸುಮಾರು 8 ಮೀಟರ್, ಅಗಲ ನೋಡಿದರೆ ಕೂತವನ ಸೊಂಟದಷ್ಟು. ರೇಸಿಗೆ ಬಿಡಬೇಕಾದರೆ ಕನಿಷ್ಠ 14 ಕೆಜಿ ತೂಗಬೇಕು. ಅಂದರೆ ಎಷ್ಟು ಹಗುರ ನೋಡಿ. ಒಂದು ಹುಟ್ಟು ಸ್ವಲ್ಪ ಮೇಲೆ, ಇನ್ನೊಂದು ಸ್ವಲ್ಪ ಕೆಳಗೆ ಆದರೂ ವಾಲುತ್ತದೆ. ಹರಿಗೋಲಿನಲ್ಲಿ ಹೋಗುವ ದಿಕ್ಕಿಗೆ ಮುಖ ಮಾಡಿ ಕೂರುತ್ತೇವೆ. ಇಲ್ಲಿ ಗುರಿ ಬೆನ್ನ ಹಿಂದೆ ಇರುತ್ತದೆ. ಇದಕ್ಕೆಲ್ಲ ಆರು ತಿಂಗಳಲ್ಲಿ ಹೊಂದಿಕೊಂಡೆ. ಒಂದು ಅಭ್ಯಾಸ ಮಾತ್ರ ವರ್ಷಗಟ್ಟಲೆ ಬಿಡಲಿಲ್ಲ.

ಹರಿಗೋಲಿನಲ್ಲಿ ಕೈ ನಿಲ್ಲಿಸಿದರೆ ಅದು ಗಿರಗಿರ ತಿರುಗುತ್ತದೆ, ಸೆಳವು ಎಳೆದುಕೊಂಡು ಹೋಗುತ್ತದೆ. "ಕೈ ಬಿಡಬ್ಯಾಡ ತಮ್ಮಾ, ಕೈ ಬಿಡಬ್ಯಾಡ" ಅಂತ ಮಾವ ಕೂಗುತ್ತಲೇ ಇರುತ್ತಿದ್ದ. ಆ ಮಾತು ಮೈಗೆ ಹತ್ತಿಬಿಟ್ಟಿತ್ತು. ರೇಸಿಂಗ್ ದೋಣಿಯಲ್ಲಿ ಸೀಟಿಗೆ ಗಾಲಿ ಇರುತ್ತದೆ. ಕಾಲಿನಿಂದ ಒದ್ದು, ಬೆನ್ನು ತೆರೆದು, ಕೊನೆಗೆ ಕೈಯಿಂದ ಎಳೆಯುತ್ತೇವೆ. ಬಲದ ದೊಡ್ಡ ಪಾಲು ಕಾಲಿನದು. ಎಳೆದ ಮೇಲೆ ಮೊಣಕಾಲು ಮಡಚುತ್ತಾ, ಸೀಟಿನ ಜೊತೆ ಜಾರಿಕೊಂಡು ವಾಪಸ್ ಬರಬೇಕು. ಇದಕ್ಕೆ ರಿಕವರಿ ಅನ್ನುತ್ತಾರೆ. ನಾನು ಎಳೆದ ತಕ್ಷಣ ಓಡಿ ಬರುತ್ತಿದ್ದೆ. ಬೇಗ ಬಂದರೆ ಬೇಗ ಇನ್ನೊಂದು ಸಲ ಎಳೆಯಬಹುದು, ಅಲ್ವಾ?

ಆಮೇಲೆ ಲೈಟ್‌ವೇಟ್ ಡಬಲ್‌ನಲ್ಲಿ, ಅಂದರೆ ಕಡಿಮೆ ತೂಕದವರು ಇಬ್ಬರು ಕೂರುವ ದೋಣಿಯಲ್ಲಿ, ಹರಿಯಾಣದ ಒಬ್ಬ ಹುಡುಗನ ಜೊತೆ ಹಾಕಿದರು. ಒಂದು ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಸೆಮಿಫೈನಲ್. 2,000 ಮೀಟರ್ ರೇಸಿನಲ್ಲಿ 1,500 ಮೀಟರ್‌ವರೆಗೆ ಎರಡನೇ ಸ್ಥಾನದಲ್ಲಿದ್ದೆವು. ಹಿಂದೆ ಬರುವ ದೋಣಿಗಳು ನಮಗೆ ಕಾಣುತ್ತವೆ, ಬೆನ್ನು ಹಾಕಿ ಕೂರುವುದರ ಲಾಭ ಅದೊಂದು. ಕಂಡದ್ದೇ ತಪ್ಪಾಯಿತು. ಎರಡು ದೋಣಿ ಹತ್ತಿರ ಬಂದದ್ದು ನೋಡಿ ನಾನು ಗಾಬರಿಯಿಂದ ವೇಗ ಏರಿಸಿದೆ. ಒಂದು ಸಲ ಎಳೆದು ವಾಪಸ್ ಬಂದರೆ ಒಂದು ಸ್ಟ್ರೋಕ್. ನಿಮಿಷಕ್ಕೆ 35 ಇದ್ದ ಸ್ಟ್ರೋಕ್ 40 ಆಯಿತು. ದೋಣಿ ಮಾತ್ರ ಇನ್ನೂ ನಿಧಾನವಾಯಿತು. ಅರ್ಧ ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಫೈನಲ್ ಕೈತಪ್ಪಿತು. ಜೊತೆಗಾರ ಆ ದಿನ ನನ್ನ ಜೊತೆ ಮಾತಾಡಲಿಲ್ಲ. ಅವನದೇನೂ ತಪ್ಪಿರಲಿಲ್ಲ.

ಕೋಚ್ ವಿಡಿಯೊ ಹಾಕಿ ತೋರಿಸಿದರು. ಡಬಲ್ ದೋಣಿಯ ಕನಿಷ್ಠ ತೂಕ 27 ಕೆಜಿ. ಅದರೊಳಗೆ ಕೂತ ನಾವಿಬ್ಬರು ಸೇರಿ 140 ಕೆಜಿ. ರಿಕವರಿಯಲ್ಲಿ ನಾವು ದೋಣಿಯ ಹಿಂಭಾಗದ ಕಡೆಗೆ ಜಾರುವಾಗ ನಮ್ಮ ಕೆಳಗಿನ ದೋಣಿ ಮುಂದಕ್ಕೆ ಓಡುತ್ತದೆ. ದೋಣಿಯ ವೇಗ ಅತಿ ಹೆಚ್ಚು ಇರುವುದು ಹುಟ್ಟು ನೀರಿನಿಂದ ಹೊರಗಿದ್ದಾಗಲೇ! ನಾನು ಧಡ್ ಅಂತ ಬಂದು ಕಾಲಿನ ಹಲಗೆಗೆ ಗುದ್ದಿದರೆ ಪ್ರತಿ ಸಲವೂ ಬ್ರೇಕ್ ಹಾಕಿದಂತೆ. 2,000 ಮೀಟರ್‌ಗೆ ಸುಮಾರು 230 ಸ್ಟ್ರೋಕ್. ನಾನು 230 ಸಲ ಬ್ರೇಕ್ ಹಾಕಿದ್ದೆ.

ಮುಂದಿನ ಒಂದು ವರ್ಷ ವಾಪಸ್ ಬರುವುದನ್ನೇ ಕಲಿತೆ. ಬೆಳಿಗ್ಗೆ ಐದೂವರೆಗೆ ನೀರಿಗೆ ಇಳಿಯುತ್ತಿದ್ದೆವು. 18 ಕಿಲೋಮೀಟರ್, ನಿಮಿಷಕ್ಕೆ 18 ಸ್ಟ್ರೋಕ್, ಅದಕ್ಕಿಂತ ಜಾಸ್ತಿ ಇಲ್ಲ. ಎಳೆಯುವಾಗ ಮನಸ್ಸಲ್ಲಿ 'ಒಂದು', ಬರುವಾಗ 'ಎರಡು, ಮೂರು'. ಕೆಲವು ದಿನ ಕಣ್ಣು ಮುಚ್ಚಿ ಹೊಡೆಯಲು ಹೇಳುತ್ತಿದ್ದರು. ದೋಣಿ ಸರಿಯಾಗಿ ಓಡಿದರೆ ತಳದಲ್ಲಿ ನೀರಿನ ಗುಳ್ಳೆಗಳ ಸದ್ದು ಕೇಳುತ್ತದೆ, ಅಕ್ಕಿ ಕುದಿ ಬಂದಂತೆ. ನಾನು ಅವಸರ ಮಾಡಿದ ಕೂಡಲೇ ಆ ಸದ್ದು ನಿಂತುಬಿಡುತ್ತಿತ್ತು. ಅದಕ್ಕಿಂತ ಒಳ್ಳೆ ಮೇಷ್ಟ್ರು ನನಗೆ ಸಿಗಲಿಲ್ಲ. ಮಧ್ಯಾಹ್ನ ತೂಕ ಎತ್ತುವುದು, ಸಂಜೆ ರೋಯಿಂಗ್ ಮಷೀನ್. ಅಂಗೈಯ ಗುಳ್ಳೆ ಒಡೆದು, ಒಣಗಿ, ಚರ್ಮ ದಪ್ಪ ಆಗುವವರೆಗೆ ಊಟ ಮಾಡುವಾಗ ಸಾರು ತಾಗಿದರೆ ಉರಿ. ಮಷೀನ್ ಮೇಲೆ 2,000 ಮೀಟರ್‌ಗೆ 6 ನಿಮಿಷ 24 ಸೆಕೆಂಡ್ ಬಂದದ್ದು ಆ ವರ್ಷವೇ. ಮುಂದಿನ ಚಾಂಪಿಯನ್‌ಶಿಪ್‌ನಲ್ಲಿ ಅದೇ 1,500ರ ಗುರುತಿನ ಹತ್ತಿರ, ಅದೇ ಥರ ಪಕ್ಕದ ದೋಣಿ ಮೇಲೆ ಬಂತು. ಎದೆ ಉರಿಯುತ್ತಿತ್ತು, ಕಾಲು ಕಲ್ಲಾಗಿತ್ತು. 'ಎರಡು, ಮೂರು' ಬಿಡಲಿಲ್ಲ. ಕಂಚು ಬಂತು.

ತೂಕದ ಕಷ್ಟವೇ ಬೇರೆ. ಲೈಟ್‌ವೇಟ್ ಪುರುಷರಲ್ಲಿ ಯಾರೂ 72.5 ಕೆಜಿ ದಾಟಬಾರದು, ಡಬಲ್ ಆದರೆ ಇಬ್ಬರ ಸರಾಸರಿ 70 ದಾಟಬಾರದು. ರೇಸಿಗೆ ಎರಡು ಗಂಟೆಯಿಂದ ಒಂದು ಗಂಟೆ ಮುಂಚೆ ತೂಗುತ್ತಾರೆ. ಒಂದು ವರ್ಷ ಎಳ್ಳಮಾವಾಸ್ಯೆಗೆ ರಜೆ ಸಿಕ್ಕಿತ್ತು. ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಊಟಕ್ಕೆ ಕೂತರು. ಸಜ್ಜಿ ರೊಟ್ಟಿ, ಭಜ್ಜಿ, ಕಡುಬು, ಶೇಂಗಾ ಹೋಳಿಗೆ. ನಾನು ಒಂದು ರೊಟ್ಟಿ, ಒಂದಿಷ್ಟು ಭಜ್ಜಿ ತಿಂದು ಎದ್ದೆ. "ಒಂದ್ ಹೋಳ್ಗಿ ತಿಂದ್ರ ಏನಾಗ್ತದೋ ಯಪ್ಪಾ?" ಅಂದಳು ಅವ್ವ. ಏನಾಗುತ್ತದೆ ಅಂತ ಅವಳಿಗೆ ಹೇಗೆ ಹೇಳಲಿ? ಕಣ್ಣು ತುಂಬಿಕೊಂಡು ಆ ಕಡೆ ತಿರುಗಿದಳು. ಸೆಮಿಫೈನಲ್ ಸೋತದ್ದಕ್ಕಿಂತ ಅದು ಜಾಸ್ತಿ ನೋವು ಕೊಟ್ಟಿತು.

ಆ ವಿಭಾಗವೇ ಈಗ ಒಲಿಂಪಿಕ್ಸ್‌ನಲ್ಲಿ ಇಲ್ಲ. 1996ರ ಅಟ್ಲಾಂಟಾದಲ್ಲಿ ಶುರುವಾದ ಲೈಟ್‌ವೇಟ್ 2024ರ ಪ್ಯಾರಿಸ್‌ಗೆ ಮುಗಿಯಿತು. ನನಗೆ ಇದು ಅನ್ಯಾಯ ಅನಿಸುತ್ತದೆ. ನಮ್ಮ ಕಡೆ ಹುಡುಗರ ಮೈಕಟ್ಟಿಗೆ ಒಪ್ಪುತ್ತಿದ್ದುದೇ ಅದು. ಅರ್ಜುನ್ ಲಾಲ್ ಜಾಟ್, ಅರವಿಂದ್ ಸಿಂಗ್ ಜೋಡಿ ಟೋಕಿಯೊದಲ್ಲಿ 11ನೇ ಸ್ಥಾನ ಪಡೆದದ್ದೂ, ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದದ್ದೂ ಲೈಟ್‌ವೇಟ್ ಡಬಲ್‌ನಲ್ಲೇ. ಇನ್ನು 90 ಕೆಜಿ ಇರುವವರ ಪಕ್ಕದ ಲೇನ್‌ನಲ್ಲಿ ನಿಲ್ಲಬೇಕು. ಹಾಗಂತ ಬಿಡುವ ಮನಸ್ಸಿಲ್ಲ. ತೂಕದ ಮಿತಿ ಇಲ್ಲದ ಓಪನ್ ವಿಭಾಗಕ್ಕೆ ಹೋಗುತ್ತಿದ್ದೇನೆ. ಎಂಟು ಕೆಜಿ ಏರಬೇಕು.

ಈ ಬೇಸಿಗೆ ರಜೆಯಲ್ಲಿ ಕಲಬುರಗಿಯ ಅಣ್ಣನ ಮನೆಯಲ್ಲಿದ್ದೇನೆ. ಹಳೆ ರೋಯಿಂಗ್ ಮಷೀನ್ ಒಂದನ್ನು ಕೊಂಡು ತಂದು ಮಾಳಿಗೆ ಮೇಲೆ ಇಟ್ಟಿದ್ದೇನೆ. ಅದು ಗಾಳಿಯ ತಡೆಯಿಂದ ನಡೆಯುತ್ತದೆ, ಕರೆಂಟ್ ಬೇಕಿಲ್ಲ. ಬಿಸಿಲು 42 ಡಿಗ್ರಿ ದಾಟುವುದರಿಂದ ಬೆಳಗಿನ ನಾಲ್ಕೂವರೆಗೇ ಶುರು. ನಾಳೆ ಬೆಳಿಗ್ಗೆ ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಪುಣೆಗೆ ಹೊರಡುತ್ತೇನೆ. ಅವ್ವ ಊರಿಂದ ಬಂದಿದ್ದಾಳೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಆಗಲೇ ಕಟ್ಟಿದ್ದಾಳೆ. ಈಗ ಒಲೆ ಮುಂದೆ ಕೂತು ಹೋಳಿಗೆ ಬೇಯಿಸುತ್ತಿದ್ದಾಳೆ, ಎಷ್ಟು ಅಂತ ಕೇಳಿದರೆ ಎಣಿಸಿಲ್ಲ ಅನ್ನುತ್ತಾಳೆ.