ಲಗುನಾ ಕೊಲೊರಾಡಾದಲ್ಲಿ ನಾನು ರಾಜಹಂಸದ ಕಾಲು ನೋಡೋದು ಕಲಿತಿದ್ದು

ಪುಲಿಕಾಟ್‌ನಲ್ಲಿ ಎಷ್ಟೋ ಚಳಿಗಾಲ ರಾಜಹಂಸ ನೋಡಿದ್ದೆ, ಹಂಗಾಗಿ ಬೊಲಿವಿಯಾಕ್ಕೆ ಹೊರಟಾಗ ಫ್ಲೆಮಿಂಗೊ ಬಗ್ಗೆ ನಂಗೇನು ಹೊಸದು ಅನ್ನೋ ಜಂಬ ಇತ್ತು. ಅಲ್ಲಿನ ಲಗುನಾ ಕೊಲೊರಾಡಾ ಅನ್ನೋ ಕೆಂಪು ಕೆರೆ ದಡದಲ್ಲಿ ಜೀಪ್ ಇಳಿದು ಇಪ್ಪತ್ತು ಹೆಜ್ಜೆ ಓಡೋದ್ರೊಳಗೆ ಅದೆಲ್ಲಾ ಇಳಿದೋಯ್ತು. 4,278 ಮೀಟರ್ ಎತ್ತರ ಕಣ್ರೀ, ಉಸಿರಿಗೆ ಸಿಗೋ ಆಮ್ಲಜನಕ ನಮ್ಮ ಮಂಗಳೂರಲ್ಲಿ ಸಿಗೋದ್ರ ಸುಮಾರು 60 ಪರ್ಸೆಂಟ್ ಅಷ್ಟೆ. ಮೊದಲೇ ಉಯುನಿ ಅನ್ನೋ ಊರಲ್ಲಿ ಎರಡು ರಾತ್ರಿ ಇದ್ದು ಕೋಕಾ ಎಲೆ ಟೀ ಎಲ್ಲಾ ಕುಡಿದಿದ್ದೆ, ಆದ್ರೂ ತಲೆ ಧಿಮ್ ಅಂತು, ಕೈ ನಡುಗಿ ಮೊದಲ ಮೂವತ್ತು ಫೋಟೋ ಪೂರ್ತಿ ಶೇಕ್. ಆಮೇಲೆ ನೆಲದ ಮೇಲೇ ಕೂತು ಬ್ಯಾಗ್ ಮೇಲೆ ಲೆನ್ಸ್ ಇಟ್ಟು ತೆಗೆದೆ, ಗಾಳಿಗೆ ಟ್ರೈಪಾಡ್ ನಿಲ್ಲೋ ಮಾತೇ ಇಲ್ಲ.

ಗಾಳಿನ ಬೈಬಾರ್ದು ಬಿಡಿ. ಮಧ್ಯಾಹ್ನದ ಮೇಲೆ ಅದು ಎದ್ದಾಗ್ಲೇ ಕೆರೆಗೆ ಬಣ್ಣ, ನೀರು ಬಹಳ ಕಡೆ ಮೊಣಕಾಲುದ್ದನೂ ಇಲ್ಲ, ಪಾಚಿ ಕೆಸರು ಎಲ್ಲಾ ಕಲಕಿ ಆರತಿ ಓಕುಳಿ ಥರ ಕೆಂಪಾಗತ್ತೆ, ನಡುನಡುವೆ ಬೋರಾಕ್ಸ್ ಅನ್ನೋ ಉಪ್ಪಿನ ಬಿಳಿ ದಿಬ್ಬಗಳು. ಕ್ಯಾಮೆರಾದಲ್ಲಿ ಆಟೋ ವೈಟ್ ಬ್ಯಾಲೆನ್ಸ್ (ಬಣ್ಣನ ಕ್ಯಾಮೆರಾನೇ ಸರಿಮಾಡೋ ಸೆಟ್ಟಿಂಗ್) ಇಟ್ರೆ ಆ ಕೆಂಪನ್ನೇ ತಿಂದಾಕತ್ತೆ, ಡೇಲೈಟ್‌ಗೆ ಹಾಕ್ಕೊಳಿ.

ಇಲ್ಲಿ ಮೂರು ಜಾತಿ ಒಟ್ಟಿಗೆ ಮೇಯ್ತವೆ, ದೂರದಿಂದ ಎಲ್ಲಾ ಗುಲಾಬಿನೇ. ನಮ್ಮ ಡ್ರೈವರ್ ಕಾಲು ನೋಡು ಅಂತ ಕೈಸನ್ನೆ ಮಾಡಿ ತೋರಿಸ್ದ. ಹಳದಿ ಕಾಲು ಇದ್ರೆ ಆಂಡಿಯನ್, ಇಟ್ಟಿಗೆ ಕೆಂಪು ಕಾಲು, ಹಳದಿ ಕೊಕ್ಕಿನ ತುದಿ ಮಾತ್ರ ಕಪ್ಪು ಇದ್ರೆ ಜೇಮ್ಸ್, ಬೂದು ಕಾಲಿನ ನಡುವೆ ಮಂಡಿ ಥರ ಕೆಂಪು ಗಂಟು ಇದ್ರೆ ಚಿಲಿಯನ್. ಜೇಮ್ಸ್ ಅನ್ನ ಅಲ್ಲಿಯವ್ರು ಪರಿನಾ ಚಿಕಾ ಅಂತಾರೆ, ಇದು ನಾಶವಾಗೋಯ್ತು ಅಂತ್ಲೇ ನಂಬಿದ್ರಂತೆ, 1950ರ ದಶಕದಲ್ಲಿ ಮತ್ತೆ ಸಿಕ್ತು.

ಒಂದು ಜೇಮ್ಸ್ ತೀರಾ ಹತ್ರ ಬಂತು. ತಲೆ ಪೂರ್ತಿ ಉಲ್ಟಾ ಮಾಡಿ ಕೊಕ್ಕು ಮುಳುಗಿಸಿ ನಿಧಾನಕ್ಕೆ ಹೆಜ್ಜೆ ಹಾಕ್ತಾ ಗಂಟಲು ಪಟಪಟ ಅಂತ ಅಲ್ಲಾಡ್ತಿತ್ತು, ನಾಲಿಗೇಲಿ ನೀರು ಎಳೆದು ಹೊರಗೆ ತಳ್ತಾ ಕೊಕ್ಕಿನೊಳಗಿನ ಜರಡೀಲಿ ಸೋಸ್ತಿತ್ತು. ಇದರ ಜರಡಿ ಕಣ್ಣು ತುಂಬಾ ಸಣ್ಣದು, ಡಯಾಟಮ್ ಅನ್ನೋ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿನೇ ಸಾಕು, ಚಿಲಿಯನ್‌ದು ದೊಡ್ಡದು, ಸಣ್ಣ ಸಿಗಡಿ ಥರದವು ಬೇಕು, ಅದಕ್ಕೇ ಒಂದೇ ಕೆರೇಲಿ ಜಗಳ ಇಲ್ದೆ ಊಟ ನಡೆಯತ್ತೆ. ರೆಕ್ಕೆ ಬಣ್ಣನೂ ಆ ಊಟದಿಂದ್ಲೇ ಬರೋದು.

ಬೆಳಗ್ಗೆ ಚಳಿಗೆ ಬ್ಯಾಟರಿ ಕೈಕೊಡ್ತು (ಒಳ ಜೇಬಲ್ಲಿ ಇಟ್ಕೊಂಡು ಮಲಗ್ಬೇಕು). ಮುಂದೆ ಲಗುನಾ ವೆರ್ದೆ ಅನ್ನೋ ಇನ್ನೊಂದು ಕೆರೆ, ಲಿಕಾನ್ಕಾಬುರ್ ಬೆಟ್ಟದ ಬುಡದಲ್ಲಿ ಪಚ್ಚೆ ಹಸಿರು, ಒಂದೇ ಒಂದು ಹಕ್ಕಿ ಇಲ್ಲ, ನೀರಲ್ಲಿ ಆರ್ಸೆನಿಕ್ ಅನ್ನೋ ವಿಷ.

ಚಿಲಿಯನ್ ಸಿಗ್ಲಿಲ್ಲ ಅಂತ ಬೇಜಾರಲ್ಲೇ ವಾಪಸ್ ಬಂದೆ. ಮನೇಲಿ ಕಂಪ್ಯೂಟರಲ್ಲಿ ಜೂಮ್ ಮಾಡ್ತಾ ಇದ್ರೆ ಆ ಶೇಕ್ ಆಗಿದ್ದ ಮೂವತ್ತರಲ್ಲೇ ಒಂದರ ಮೂಲೇಲಿ ಬೂದು ಕಾಲು, ಕೆಂಪು ಗಂಟು.