ಅಡಿಕೆ ತೋಟದ ಸೆನ್ಸರ್ ಜಾಲ: ದಾರಿ ನಾನೇ ಬರೆದೆ, ಬ್ಯಾಟರಿ ಉಳಿಯಿತು

ಎರಡು ಮಳೆಗಾಲ ಕಳೆದವು. ತೋಟದ ತಳದಲ್ಲಿರುವ ನೋಡ್‌ಗಳ (ಮಣ್ಣಿನ ತೇವ ಅಳೆದು ರೇಡಿಯೋದಲ್ಲಿ ಕಳಿಸುವ ಸಣ್ಣ ಪೆಟ್ಟಿಗೆಗಳ) ಬ್ಯಾಟರಿಯನ್ನು ಇನ್ನೂ ಹೊರಗೆ ತೆಗೆದಿಲ್ಲ. ಸಾಗರದ ಕಡೆಯ ನಮ್ಮ ನಾಲ್ಕೈದು ಎಕರೆ ಅಡಿಕೆ ತೋಟದಲ್ಲಿ ಇಪ್ಪತ್ತು ಚಿಲ್ಲರೆ ನೋಡ್‌ಗಳಿವೆ. ಹದಿನೈದು ನಿಮಿಷಕ್ಕೊಮ್ಮೆ ಮಣ್ಣಿನ ತೇವ ಎಷ್ಟು ಅಂತ ಮನೆಗೆ ಲೆಕ್ಕ ಬರುತ್ತದೆ. ಯಾವ ನೋಡ್‌ನ ಮಾತು ಯಾವ ನೋಡ್ ದಾಟಿ ಮನೆಗೆ ಬರಬೇಕು ಅನ್ನುವ ದಾರಿಯನ್ನು, ಅಂದರೆ ರೂಟಿಂಗ್ ಅನ್ನು, ನಾನೇ ಬರೆದಿಟ್ಟಿದ್ದೇನೆ. ಇದು ಆಗುವ ಕೆಲಸವಲ್ಲ ಅಂದವರು ತುಂಬಾ ಜನ. ಹಾಗಾಗಿಯೇ ಬರೆಯುತ್ತಿದ್ದೇನೆ.

ಕಾಲೇಜಿನಲ್ಲಿ ವೈರ್‌ಲೆಸ್ ಪಾಠ ಮಾಡುವ ಗೆಳೆಯ ಖಂಡಿತವಾಗಿ ಹೇಳಿದ್ದ: "ದಾರಿಯನ್ನು ಕೈಯಲ್ಲೇ ಬರೆದಿಟ್ಟರೆ ಅದು ರೂಟಿಂಗ್ ಹೇಗಾಗುತ್ತೆ ಮಾರಾಯ? ಒಂದು ನೋಡ್ ಸತ್ತರೆ ಅರ್ಧ ತೋಟ ಹೋಯ್ತು." ಪಕ್ಕದ ತೋಟದವರ ಪ್ರಶ್ನೆ ಬೇರೆ: "ಭಾವ, ಮಣ್ಣು ಮುಟ್ಟಿದ್ರೆ ಗೊತ್ತಾಗಲ್ವಾ? ಅದಕ್ಕೆಲ್ಲ ರೇಡಿಯೋ ಯಾಕೆ?" ಇಬ್ಬರಿಗೂ ಉತ್ತರ ಈಗ ತೋಟದಲ್ಲೇ ಇದೆ.

ಮೊದಲು ಜಾಗದ ವಿಷಯ. ಯಾವ ಅಂಕಿ ಯಾವ ಮರದ ಬುಡದ್ದು ಅಂತ ಗೊತ್ತಾಗದಿದ್ದರೆ ಅಂಕಿಯಿಂದ ಪ್ರಯೋಜನವಿಲ್ಲ. ನಿಯೋ 6ಎಂ ಜಿಪಿಎಸ್ ಹಿಡಿದು ತೋಟದಲ್ಲಿ ಓಡಾಡಿದೆ. ಬಯಲಿನಲ್ಲಿ ಎರಡೂವರೆ ಮೀಟರ್ ನಿಖರತೆ ಅನ್ನುತ್ತಾರೆ. ಅಡಿಕೆ ತಲೆಗಳ ಕೆಳಗೆ ಅದು ಹತ್ತು ಹದಿನೈದು ಮೀಟರ್ ಆಚೆ ಈಚೆ ಅಲೆಯಿತು. ನಮ್ಮಲ್ಲಿ ಮರದಿಂದ ಮರಕ್ಕೆ ಒಂಬತ್ತು ಅಡಿ. ಹದಿನೈದು ಮೀಟರ್ ತಪ್ಪು ಅಂದರೆ ಐದು ಮರ ತಪ್ಪು. ಒಂದು ಬಸಿಗಾಲುವೆ ದಾಟಿ ಇನ್ನೊಂದರ ಪಕ್ಕಕ್ಕೆ ಹೋದ ಹಾಗೆ.

ಆಮೇಲೆ ಸಿಗ್ನಲ್ ಬಲದಿಂದ ದೂರ ಲೆಕ್ಕ ಹಾಕುವ ದಾರಿ. ಮೂರು ಕಡೆ ಜಾಗ ಗೊತ್ತಿರುವ ನೋಡ್ ಇಟ್ಟು, ಉಳಿದವು ಎಲ್ಲಿವೆ ಅಂತ ಆರ್‌ಎಸ್‌ಎಸ್‌ಐಯಿಂದ (ಬಂದ ಸಿಗ್ನಲ್ ಎಷ್ಟು ಬಲವಾಗಿದೆ ಅನ್ನುವ ಅಂಕಿ) ಕಂಡುಹಿಡಿಯುವುದು. ಮಾರ್ಚ್‌ನಲ್ಲಿ ಪರವಾಗಿಲ್ಲ ಅನ್ನಿಸಿತು. ಜೂನ್‌ನಲ್ಲಿ ನೋಡ್‌ಗಳೆಲ್ಲ ನಡೆಯಲು ಶುರು ಮಾಡಿದವು. ಸೋಗೆ ಒದ್ದೆಯಾದರೆ ಸಿಗ್ನಲ್ ಸುಲಭವಾಗಿ ಆರು ಡಿಬಿ (ಡೆಸಿಬಲ್), ಅಂದರೆ ಕಾಲು ಭಾಗಕ್ಕೆ ಇಳಿಯುತ್ತದೆ. ಪಾತ್ ಲಾಸ್ ಘಾತ (ದೂರ ಹೆಚ್ಚಿದಂತೆ ಸಿಗ್ನಲ್ ಎಷ್ಟು ಬೇಗ ಇಳಿಯುತ್ತದೆ ಅನ್ನುವ ಅಂಕಿ) 3 ಅಂತ ಹಿಡಿದರೆ, ಆರು ಡಿಬಿಗೆ 20 ಮೀಟರ್ ದೂರ 32 ಮೀಟರ್ ಆಗಿ ಕಾಣುತ್ತದೆ. ನೋಡ್ ಇದ್ದಲ್ಲೇ ಇದೆ, ನಕ್ಷೆಯಲ್ಲಿ ಮಾತ್ರ ಪಕ್ಕದವರ ತೋಟದಲ್ಲಿದೆ!

ಕೊನೆಗೆ ಉಳಿದದ್ದು ನಮ್ಮ ಕೆಲಸದವರು ಮೊದಲಿಂದ ಹೇಳುವ ವಿಳಾಸವೇ. "ಮೂರನೇ ಕಾಲುವೆ, ಏಳನೇ ಮರ." ಅಡಿಕೆ ಸಾಲಿನಲ್ಲಿ ನೆಟ್ಟ ಬೆಳೆ. ಹಳೆ ತೋಟದಲ್ಲಿ ಸಾಲು ಸ್ವಲ್ಪ ಕೊಂಕಿದ್ದರೂ ಎಣಿಸಲು ತೊಂದರೆ ಇಲ್ಲ. ಕಾಲುವೆಯ ನಂಬರ್ ಒಂದು ಬೈಟ್, ಮರದ ನಂಬರ್ ಒಂದು ಬೈಟ್. ಇದೇ ನೋಡ್‌ನ ಐಡಿ, ಇದೇ ಅದರ ಜಾಗ. ತಪ್ಪು ಒಂದು ಮರಕ್ಕಿಂತ ಕಡಿಮೆ. ಖರ್ಚು ಸೊನ್ನೆ. ಕರೆಂಟ್ ಸೊನ್ನೆ. ಸಾಲು ನೆಟ್ಟ ಬೆಳೆಯಲ್ಲಿ ರೇಡಿಯೋದಿಂದ ಜಾಗ ಹುಡುಕುವುದು ಬೇಡವೇ ಬೇಡ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ರೇಡಿಯೋದ ತರಂಗ ಮತ್ತು ಆಂಟೆನಾದ ಎತ್ತರದ ವಿಷಯಕ್ಕೆ ಜಾಸ್ತಿ ಸಮಯ ಕೊಟ್ಟೆ, ಅದಕ್ಕೆ ಫಲವೂ ಸಿಕ್ಕಿತು. ಮೊದಲ ಜಾಲ ಎನ್‌ಆರ್‌ಎಫ್24 ಮಾಡ್ಯೂಲ್‌ಗಳದ್ದು, 2.4 ಗಿಗಾಹರ್ಟ್ಸ್. ನಮ್ಮ ತೋಟದ ಒಳಗೆ ಬಾಳೆ ಇದೆ, ಏಲಕ್ಕಿ ಇದೆ, ಮರಕ್ಕೆ ಮೆಣಸಿನ ಬಳ್ಳಿ ಇದೆ. ಎಲೆ ಅಂದರೆ ನೀರು. ಮಳೆ ಹಿಡಿದ ವಾರದಲ್ಲೇ ಆ ಜಾಲ ಮಲಗಿತು. ಹಾಗಾಗಿ 865ರಿಂದ 867 ಮೆಗಾಹರ್ಟ್ಸ್‌ಗೆ ಬಂದೆ. ಇದಕ್ಕೆ 2005ರಿಂದ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡ. ಒಂದು ವ್ಯಾಟ್ ಟ್ರಾನ್ಸ್‌ಮಿಟರ್, 200 ಕಿಲೋಹರ್ಟ್ಸ್ ಅಗಲದ ಒಳಗೆ ಇರಬೇಕು. ಲೋರಾದ (ಕಡಿಮೆ ಕರೆಂಟ್‌ನಲ್ಲಿ ದೂರ ಮುಟ್ಟುವ ರೇಡಿಯೋ ಪದ್ಧತಿ) 125 ಕಿಲೋಹರ್ಟ್ಸ್ ಅದರೊಳಗೆ ಆರಾಮಾಗಿ ಕೂರುತ್ತದೆ. ಆರ್‌ಎಫ್‌ಎಂ95 ಮಾಡ್ಯೂಲ್ ತೆಗೆದುಕೊಂಡೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ರಾ-02 ಅನ್ನೋದು 433 ಮೆಗಾಹರ್ಟ್ಸ್‌ನದ್ದು, ಅದು ಇಲ್ಲಿಗಲ್ಲ. ಆರ್ಡರ್ ಮಾಡುವಾಗ ನೋಡಿಕೊಳ್ಳಿ.

ಅಡಿಕೆ ಕೊನೆ (ಗೊನೆ) ಕೊಯ್ಯುವ ಫೈಬರ್ ದೋಟಿಯ ತುದಿಗೆ ಒಂದು ನೋಡ್ ಕಟ್ಟಿ, ಅಡಿ ಅಡಿಯಾಗಿ ಏರಿಸುತ್ತಾ ಸಿಗ್ನಲ್ ಬರೆದುಕೊಂಡೆ. ಆಳೆತ್ತರದಲ್ಲಿ ಏಲಕ್ಕಿ, ಬಾಳೆ ಎಲೆಗಳ ನಡುವೆ ಅತಿ ಕೆಟ್ಟದು. ಬಾಳೆಯ ತಲೆ ದಾಟಿ ಅಡಿಕೆ ತಲೆಗೆ ಮುಟ್ಟುವ ಮೊದಲು ಬರೀ ಕಾಂಡಗಳಿರುವ ಒಂದು ಖಾಲಿ ಜಾಗ ಇದೆಯಲ್ಲ, ಹದಿನೈದಿಪ್ಪತ್ತು ಅಡಿ ಎತ್ತರದಲ್ಲಿ, ಅಲ್ಲಿ ಸಿಗ್ನಲ್ ಹದಿನೈದು ಡಿಬಿಯಷ್ಟು ಏರಿತು. ಇನ್ನೂ ಮೇಲೆ ಸೋಗೆಗಳ ಮಧ್ಯಕ್ಕೆ ಹೋದರೆ ಮತ್ತೆ ಬಿತ್ತು. ಹದಿನೈದು ಡಿಬಿ ಅಂದರೆ ಮೂವತ್ತು ಪಟ್ಟು ಪವರ್. ಅದನ್ನು ಬ್ಯಾಟರಿಯಿಂದ ಕೊಡುವ ಬದಲು ಪಿವಿಸಿ ಪೈಪ್‌ನಿಂದ ಪಡೆದೆ.

ಆಂಟೆನಾ ಅಂದರೆ ಎಂಟೂವರೆ ಸೆಂಟಿಮೀಟರ್ ತಂತಿ, ಕಾಲು ತರಂಗ. ಗಟ್ಟಿ ತಾಮ್ರದ ತಂತಿ ಹಾಕಿದ್ದಾಗ ಸೋಗೆ ಬಿದ್ದು ಬಗ್ಗಿತು. ರಬ್ಬರ್ ಆಂಟೆನಾವನ್ನು ಮಂಗಗಳು ಕಿತ್ತವು. ಬಿಳಿ ಪೈಪ್ ಕಂಡರಂತೂ ಅವು ಬಿಡುವುದೇ ಇಲ್ಲ. ಈಗ ಹಲವು ಎಳೆಗಳ ತಂತಿ, ಪೈಪ್‌ನ ಒಳಗೆ, ಹೊರಗೆ ಕಾಂಡದ ಬಣ್ಣ. ಮಂಗಗಳು ಪಕ್ಕದಲ್ಲೇ ಹಾದು ಹೋಗುತ್ತವೆ, ಮುಟ್ಟುವುದಿಲ್ಲ.

ಇನ್ನು ರೂಟಿಂಗ್. ನಮ್ಮ ಮನೆ ಮೇಲೆ, ತೋಟ ಕೆಳಗೆ ಕಣಿವೆಯಲ್ಲಿ, ನಡುವೆ ಒಂದು ತಿರುವು. ತಿರುವಿನ ಆಚೆ ಇರುವ ಏಳೆಂಟು ನೋಡ್‌ಗಳಿಗೆ ಮನೆ ಕಾಣುವುದಿಲ್ಲ. ಎಲ್ಲರೂ ಕೊಡುವ ಸಲಹೆ ಒಂದೇ: ಎಸ್‌ಎಫ್ 12 (ಲೋರಾದಲ್ಲಿ ನಿಧಾನವಾಗಿ, ಆದರೆ ಅತಿ ದೂರ ಮಾತಾಡುವ ಸೆಟ್ಟಿಂಗ್) ಹಾಕಿ, ಪವರ್ 20 ಡಿಬಿಎಂ ಮಾಡಿ, ನೇರ ಮನೆಗೆ ಕಳಿಸಿ. ಕಳಿಸಬಹುದು. ಆದರೆ ಲೆಕ್ಕ ನೋಡಿ. ಇಪ್ಪತ್ತು ಬೈಟ್‌ಗೆ 1.3 ಸೆಕೆಂಡ್ ಗಾಳಿಯಲ್ಲಿ, 120 ಮಿಲಿ ಆಂಪ್. ಅದೇ ವೇಗವಾಗಿ, ಹತ್ತಿರಕ್ಕೆ ಮಾತಾಡುವ ಎಸ್‌ಎಫ್ 7ರಲ್ಲಿ 17 ಡಿಬಿಎಂ ಆದರೆ 0.06 ಸೆಕೆಂಡ್‌ಗೂ ಕಡಿಮೆ, 90 ಮಿಲಿ ಆಂಪ್. ಒಂದು ದೂರದ ಕೂಗಿನ ಖರ್ಚಿನಲ್ಲಿ ಮೂವತ್ತು ಹತ್ತಿರದ ಮಾತು. ನಡುವಿನ ನೋಡ್‌ಗಳ ಮೂಲಕ ಎರಡು ಮೂರು ಹಾಪ್ (ಜಿಗಿತ) ಹಾಕಿದರೂ ನಮಗೇ ಲಾಭ. ಅಷ್ಟಾಗಿಯೂ ತಿರುವಿನ ಆಚೆಯ ನೋಡ್‌ಗಳು ಜೋರು ಮಳೆಯಲ್ಲಿ ಎಸ್‌ಎಫ್ 12ರಲ್ಲೂ ಮಾತು ನುಂಗುತ್ತಿದ್ದವು.

ಸರಿ, ಹಾಪ್ ಹಾಕಬೇಕು. ಹೇಗೆ? 2000ದಲ್ಲಿ ಲೀಚ್ ಅನ್ನುವ ರೂಟಿಂಗ್ ಪ್ರೋಟೋಕಾಲ್ ಬಂತು. ಅದರಲ್ಲಿ ಗುಂಪಿನ ಮಾತನ್ನೆಲ್ಲ ಸೇರಿಸಿ ಕಳಿಸುವ ಮುಖಂಡ, ಅಂದರೆ ಕ್ಲಸ್ಟರ್ ಹೆಡ್, ಸರದಿಯಂತೆ ಬದಲಾಗುತ್ತದೆ, ಹೊರೆ ಎಲ್ಲರಿಗೂ ಸಮ. ಆದರೆ ಯಾವ ನೋಡ್ ಹೆಡ್ ಆದರೂ ಬೇಸ್ ಸ್ಟೇಷನ್‌ಗೆ (ನಮ್ಮಲ್ಲಿ ಮನೆಗೆ) ನೇರ ಮುಟ್ಟುತ್ತದೆ ಅಂತ ಅದು ನಂಬಿಕೊಂಡಿದೆ. ನಮ್ಮ ಕಣಿವೆಯಲ್ಲಿ ಆ ನಂಬಿಕೆ ನಿಲ್ಲುವುದಿಲ್ಲ. ಆಮೇಲೆ ಬೀಕನ್ (ನಾನಿದ್ದೇನೆ ಅನ್ನುವ ಸಣ್ಣ ಪ್ಯಾಕೆಟ್) ಕಳಿಸಿ ತಾನೇ ಪೇರೆಂಟ್ (ತನ್ನ ಮಾತನ್ನು ಮನೆ ಕಡೆ ದಾಟಿಸುವ ನೋಡ್) ಆರಿಸಿಕೊಳ್ಳುವ ಮರದಂಥ ಜಾಲ ಬರೆದೆ, ಇಟಿಎಕ್ಸ್ (ಒಂದು ಮಾತು ಮುಟ್ಟಲು ಎಷ್ಟು ಸಲ ಕಳಿಸಬೇಕು ಅನ್ನುವ ಅಂಕಿ) ನೋಡಿ ಒಳ್ಳೆಯ ದಾರಿ ಹಿಡಿಯುವಂಥದ್ದು. ಬೇಸಿಗೆಯಲ್ಲಿ ಸೊಗಸಾಗಿ ಓಡಿತು. ಮಳೆ ಬಂತು ನೋಡಿ, ಪ್ರತಿ ಜಡಿಗೂ ಲಿಂಕ್ ಏರಿಳಿಯಿತು. ನೋಡ್‌ಗಳು ಗಳಿಗೆಗೊಬ್ಬ ಪೇರೆಂಟ್ ಹಿಡಿದವು. ತೇವದ ಅಂಕಿಗಿಂತ ದಾರಿ ಕೇಳುವ ಪ್ಯಾಕೆಟ್‌ಗಳೇ ಜಾಸ್ತಿ. ಬ್ಯಾಟರಿ ವಾರಗಳಲ್ಲಿ ಮುಗಿಯಿತು.

ಅಲ್ಲಿ ನನಗೆ ಸ್ಪಷ್ಟವಾಯಿತು. ನೋಡ್ ಕದಲುವುದಿಲ್ಲ, ಮರ ಕದಲುವುದಿಲ್ಲ. ದಾರಿ ಯಾಕೆ ಕದಲಬೇಕು? ದೋಟಿ ಹಿಡಿದು ಮಳೆಯಲ್ಲೇ ಅಳೆದ ಲಿಂಕ್‌ಗಳಿಂದ ಪ್ರತಿ ನೋಡ್‌ಗೂ ಇಬ್ಬರು ಪೇರೆಂಟ್ ಬರೆದೆ: ಒಬ್ಬ ಖಾಯಂ, ಒಬ್ಬ ಬದಲಿ. ಬೇಸಿಗೆಯ ಅಳತೆ ನಂಬಬೇಡಿ, ಜೋರು ಮಳೆಯಲ್ಲಿ ನಿಂತ ಲಿಂಕ್ ವರ್ಷವಿಡೀ ನಿಲ್ಲುತ್ತದೆ. ಖಾಯಂ ಪೇರೆಂಟ್ ಸತತ ಕೆಲವು ಸಲ ಉತ್ತರ ಕೊಡದಿದ್ದರೆ ಮಾತ್ರ ಬದಲಿಗೆ ಹೋಗುತ್ತದೆ. ಹೋದದ್ದು ತಾನಾಗಿ ವಾಪಸ್ ಬರುವುದಿಲ್ಲ, ಮನೆಯಿಂದ ಹೇಳಿದರೆ ಬರುತ್ತದೆ. ಗೆಳೆಯ ಹೆದರಿಸಿದ ಹಾಗೆ ಒಂದು ರಿಲೇ (ಬೇರೆಯವರ ಮಾತು ದಾಟಿಸುವ ನೋಡ್) ನಿಜವಾಗಿಯೂ ಸತ್ತಿತು, ಮರ ಬಿದ್ದು. ಅದರ ಕೆಳಗಿನ ನೋಡ್‌ಗಳು ಒಂದೆರಡು ಗಂಟೆಯೊಳಗೆ ಬದಲಿ ದಾರಿಯಲ್ಲಿ ಬಂದವು. ಅರ್ಧ ತೋಟ ಹೋಗಲಿಲ್ಲ.

ಇನ್ನೊಂದು ಮಾತಿದೆ. ಎಲ್ಲ ನೋಡ್‌ಗಳ ಬ್ಯಾಟರಿ ಒಟ್ಟಿಗೆ ಮುಗಿಯಬೇಕು, ಹೊರೆ ಸಮ ಇರಬೇಕು ಅಂತ ಪುಸ್ತಕಗಳು ಹೇಳುತ್ತವೆ. ತೋಟದಲ್ಲಿ ಹಾಗಲ್ಲ. ಕೊಟ್ಟಿಗೆಯ ಪಕ್ಕದ ರಿಲೇಯ ಬ್ಯಾಟರಿ ಬದಲಿಸುವುದು ಎರಡು ನಿಮಿಷದ ಕೆಲಸ. ತಳದ ಕೆಸರಿನಲ್ಲಿ, ಜುಲೈ ತಿಂಗಳಲ್ಲಿ, ಇಂಬಳದ ನಡುವೆ ಬದಲಿಸುವುದು ಅರ್ಧ ದಿನದ್ದು. ಹಾಗಾಗಿ ಹೊರೆಯನ್ನೆಲ್ಲ ಬೇಕೆಂದೇ ಮೇಲಿನವರ ಮೇಲೆ ಹಾಕಿದೆ. ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಬಿಸಿಲು ಬೀಳುವ ಎರಡು ಕಡೆ ದೊಡ್ಡ ಬ್ಯಾಟರಿ, ಸೋಲಾರ್ ಪ್ಯಾನೆಲ್ ಇರುವ ರಿಲೇ. ತಳದವರು ತಮ್ಮದಷ್ಟೇ ಹೇಳಿ ಮಲಗುತ್ತಾರೆ.

ಮಲಗುವುದೇ ನಿಜವಾದ ಕೆಲಸ. ಕಳಿಸುವುದಕ್ಕೆ ಕರೆಂಟ್ ಜಾಸ್ತಿ ಅಂತ ಎಲ್ಲರೂ ಅದರ ಹಿಂದೆ ಬೀಳುತ್ತಾರೆ. ಬ್ಯಾಟರಿ ತಿನ್ನುವುದು ಕಿವಿ ತೆರೆದು ಕೂರುವುದು. ರಿಸೀವರ್‌ಗೆ ಹನ್ನೊಂದು ಹನ್ನೆರಡು ಮಿಲಿ ಆಂಪ್. ಇಡೀ ದಿನ ಕೇಳುತ್ತಾ ಕೂತರೆ ದಿನಕ್ಕೆ 280 ಮಿಲಿ ಆಂಪ್ ಅವರ್‌ನಷ್ಟು. 6000ದ ಬ್ಯಾಟರಿ ಮೂರು ವಾರಕ್ಕೆ ಖಾಲಿ. ಹಾಗಾಗಿ ಎಲ್ಲರಿಗೂ ಗಡಿಯಾರ ಕೊಟ್ಟೆ, ಡಿಎಸ್3231. ದೂರದವರು ಮೊದಲು ಮಾತಾಡುತ್ತಾರೆ, ಆಮೇಲೆ ಅವರ ಪೇರೆಂಟ್, ಆಮೇಲೆ ಅದರ ಪೇರೆಂಟ್. ಮಾತು ಒಂದೇ ಬೀಸಿಗೆ ಕೆಳಗಿಂದ ಮನೆಗೆ ಬರುತ್ತದೆ. ಒಂದು ನಿಮಿಷದೊಳಗೆ ಎಲ್ಲ ಮುಗಿದು ಎಲ್ಲರೂ ಮಲಗುತ್ತಾರೆ. ಉತ್ತರದ ಪ್ಯಾಕೆಟ್‌ನಲ್ಲೇ ಗಡಿಯಾರ ಸರಿ ಮಾಡುವ ಅಂಕಿ ಇರುತ್ತದೆ.

ಡಿಎಸ್3231 ಚಿಪ್ 2 ಪಿಪಿಎಂ, ಅಂದರೆ ಹತ್ತು ಲಕ್ಷ ಸೆಕೆಂಡಿಗೆ ಎರಡು ಸೆಕೆಂಡ್ ತಪ್ಪು. ಒಂದಿಡೀ ದಿನ ಸಂಪರ್ಕ ತಪ್ಪಿದರೂ ಕಾಲು ಸೆಕೆಂಡ್‌ಗಿಂತ ಹೆಚ್ಚು ಜಾರುವುದಿಲ್ಲ. ಅಗ್ಗದ ಬೋರ್ಡ್‌ಗಳಲ್ಲಿ ಎಂ ಅಕ್ಷರದ ಚಿಪ್ ಬರುತ್ತದೆ, ಅದು 5 ಪಿಪಿಎಂ, ಅದೂ ನಡೆಯುತ್ತದೆ. ಬೋರ್ಡಿನ ಎಲ್‌ಇಡಿ, ಚಾರ್ಜಿಂಗ್ ರೆಸಿಸ್ಟರ್ ಕಿತ್ತು ಹಾಕಿ, ಬ್ಯಾಟರಿ ಪಿನ್‌ನಿಂದಲೇ ಕರೆಂಟ್ ಕೊಡಿ. ಇಲ್ಲದಿದ್ದರೆ ಗಡಿಯಾರವೇ ನೂರು ಮೈಕ್ರೋ ಆಂಪ್ ತಿನ್ನುತ್ತದೆ. ನೋಡ್ ನಡೆಸುವ ಪ್ರೋ ಮಿನಿ ಬೋರ್ಡಿನ ಎಲ್‌ಇಡಿ, ರೆಗ್ಯುಲೇಟರ್ ಕೂಡ ತೆಗೆದಿದ್ದೇನೆ. ಈಗ ಮಲಗಿದ ನೋಡ್ ಹತ್ತು ಮೈಕ್ರೋ ಆಂಪ್ ಆಸುಪಾಸು. ದಿನದ ಒಟ್ಟು ಖರ್ಚು ಅರ್ಧ ಮಿಲಿ ಆಂಪ್ ಅವರ್. ಕಿವಿ ತೆರೆದಿಡುವ ಹೊತ್ತನ್ನು ಎಷ್ಟು ಸಣ್ಣದು ಮಾಡಿದೆ, ಯಾವ ಲೆಕ್ಕದಲ್ಲಿ ದಿನದ ಬಿಸಿಗೆ ತಕ್ಕಂತೆ ಬದಲಿಸುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅದಕ್ಕೆ ತುಂಬಾ ರಾತ್ರಿ ಹೋಗಿವೆ.

ಬ್ಯಾಟರಿಗೆ ದುಡ್ಡು ತುಂಬಾ ಸುರಿದೆ. ಅಡಿಕೆ ನೆರಳಲ್ಲಿ ಸೋಲಾರ್ ಪ್ಯಾನೆಲ್ ಅಲಂಕಾರಕ್ಕೆ ಮಾತ್ರ. ಲಿಥಿಯಂ ಥಯೋನಿಲ್ ಕ್ಲೋರೈಡ್ ಸೆಲ್ ಒಂದಕ್ಕೆ ಐನೂರು ಚಿಲ್ಲರೆ ಕೊಟ್ಟೆ. ತುಂಬಾ ಹೊತ್ತು ಮಲಗಿ ಎದ್ದು ಒಮ್ಮೆಲೇ 90 ಮಿಲಿ ಆಂಪ್ ಕೇಳಿದರೆ ಅದರ ವೋಲ್ಟೇಜ್ ಕುಸಿದು ನೋಡ್ ರೀಸೆಟ್ ಆಗುತ್ತದೆ. ಕೆಪಾಸಿಟರ್ ಹಾಕಿ ಸರಿ ಮಾಡಬಹುದು, ಆದರೆ ಒಳ್ಳೆಯ ಕೆಪಾಸಿಟರ್‌ಗೆ ಮತ್ತೆ ದುಡ್ಡು. ಕೊನೆಗೆ ಲಿಥಿಯಂ ಫೆರೋ ಫಾಸ್ಫೇಟ್‌ಗೆ ನಿಂತೆ. 3.2 ವೋಲ್ಟ್, ರೆಗ್ಯುಲೇಟರ್ ಇಲ್ಲದೆ ನೇರ ಕೊಡಬಹುದು. ತಳದ ನೋಡ್‌ಗೆ 1500ರ ಸಣ್ಣದು, ರಿಲೇಗೆ 6000ದ ದೊಡ್ಡ ಸೆಲ್ (32650). ಒಂದು ತೊಡಕಿದೆ: ಇದರ ವೋಲ್ಟೇಜ್ ಕೊನೆಯವರೆಗೂ ಹಾಗೇ ಇರುತ್ತದೆ, ನೋಡಿ ಎಷ್ಟು ಉಳಿದಿದೆ ಅಂತ ಹೇಳಲಾಗದು. ಹಾಗಾಗಿ ಪ್ರತಿ ನೋಡ್ ತಾನು ಎಷ್ಟು ಸಲ ಕಳಿಸಿದೆ, ಎಷ್ಟು ಹೊತ್ತು ಕೇಳಿದೆ ಅಂತ ತಾನೇ ಲೆಕ್ಕ ಇಟ್ಟು ಕಳಿಸುತ್ತದೆ.

ಮಣ್ಣಿನ ಸೆನ್ಸರ್ ಬಗ್ಗೆ ಚಿಕ್ಕದಾಗಿ. ಎರಡು ಕಡ್ಡಿಯ ರೆಸಿಸ್ಟಿವ್ ಸೆನ್ಸರ್ ವಾರಗಳಲ್ಲಿ ಕರಗುತ್ತದೆ, ಮುಟ್ಟಬೇಡಿ. ಕೆಪಾಸಿಟಿವ್ ಕೊಳ್ಳುವಾಗ ಮೇಲಿನ ಚಿಪ್ ಓದಿ. ಟಿಎಲ್‌ಸಿ555 ಇದ್ದರೆ ಸರಿ. ಎನ್ಇ555 ಇದ್ದರೆ 3.3 ವೋಲ್ಟ್‌ನಲ್ಲಿ ಸರಿಯಾಗಿ ಓಡುವುದಿಲ್ಲ. ಬೋರ್ಡಿನ ಅಂಚುಗಳಿಂದ ನೀರು ಒಳಗೆ ಇಳಿಯುತ್ತದೆ. ಹಾಗಾಗಿ ಅಂಚಿಗೆ ಎರಡು ಕೋಟ್ ಎಪಾಕ್ಸಿ, ತಲೆಗೆ ಹೀಟ್ ಶ್ರಿಂಕ್. ಎಪಾಕ್ಸಿಗೆ ನಾನು ಇನ್ನೊಂದು ಪದಾರ್ಥ ಸೇರಿಸುತ್ತೇನೆ, ಅದನ್ನೂ ಈಗ ಹೇಳುವುದಿಲ್ಲ.

ಒಂದು ನೋಡ್‌ಗೆ ಎಲ್ಲ ಸೇರಿ ಸಾವಿರದ ಎಂಟುನೂರರ ಹತ್ತಿರ ಬಿತ್ತು. ರೇಡಿಯೋಕ್ಕೇ ಆರುನೂರು ಏಳುನೂರು. ಒಂದು ಕಂಪನಿಯವರು ಇದೇ ಕೆಲಸಕ್ಕೆ ನೋಡ್‌ಗೆ ಹತ್ತು ಸಾವಿರದ ಮೇಲೆ ಹೇಳಿದ್ದರು, ವರ್ಷದ ಚಂದಾ ಬೇರೆ. ಕೆಟ್ಟ ಮಾಲು, ಸತ್ತ ಬೋರ್ಡ್ ಎಲ್ಲ ಸೇರಿಸಿದರೆ ನನ್ನ ಕೈಯಿಂದ ಅರವತ್ತು ಎಪ್ಪತ್ತು ಸಾವಿರ ಹೋಗಿರಬೇಕು. ಪಂಪ್‌ಸೆಟ್ಟಿನ ಕರೆಂಟ್ ಹತ್ತು ಎಚ್‌ಪಿವರೆಗೆ ಉಚಿತ. ಹಾಗಾಗಿ ಬಿಲ್ ಉಳಿತಾಯ ಅಂತ ಹೇಳಲಾರೆ. ಉಳಿದದ್ದು ಕೆರೆಯ ನೀರು ಮತ್ತು ತ್ರೀ ಫೇಸ್ ಇರುವ ಗಂಟೆಗಳು. ತೋಟದ ತಳಕ್ಕೆ ನೀರು ಜಾಸ್ತಿ ಆಗುತ್ತಿತ್ತು, ಮೇಲಿನ ಸಾಲುಗಳು ಒಣಗುತ್ತಿದ್ದವು. ಈಗ ತಳದ ಗೇಟ್ ವಾಲ್ವ್ ವಾರದಲ್ಲಿ ಮೂರು ನಾಲ್ಕು ದಿನ ಮುಚ್ಚಿರುತ್ತದೆ. ಹಿಂದೆ ಏಪ್ರಿಲ್‌ಗೆ ತಳ ಕಾಣುತ್ತಿದ್ದ ಕೆರೆಯಲ್ಲಿ ಕಳೆದ ವರ್ಷ ಮೇ ನಡುವಿನವರೆಗೂ ನೀರಿತ್ತು. ಮಣ್ಣು ಮುಟ್ಟಿ ನೋಡಿ ಅಂದ ಪಕ್ಕದವರು ಈಗ ತಮ್ಮ ತೋಟಕ್ಕೂ ಆರು ನೋಡ್ ಕೇಳಿದ್ದಾರೆ.

ಕೊಳೆ ರೋಗಕ್ಕೆ ಅಂತ ಇನ್ನೊಂದು ಪ್ರಯೋಗ ಶುರು ಮಾಡಿದ್ದೆ. ಅಡಿಕೆ ಕೊನೆ ಎಷ್ಟು ಹೊತ್ತು ಒದ್ದೆ ಇರುತ್ತದೆ ಅಂತ ಗೊತ್ತಾದರೆ ಎರಡನೇ ಸಲ ಬೋರ್ಡೋ ಔಷಧಿ ಯಾವಾಗ ಹೊಡೆಯುವುದು ಅಂತ ತೀರ್ಮಾನಿಸಬಹುದು. ಒದ್ದೆ ಹೇಳುವ ಸೆನ್ಸರ್ ತಂದು ಮರಕ್ಕೇರಿಸಿದೆ. ಮೊದಲ ಔಷಧಿ ಹೊಡೆದಾಗ ಸೆನ್ಸರ್ ಮೇಲೂ ಮೈಲುತುತ್ತ, ಸುಣ್ಣ ಕೂತು, ಆಮೇಲೆ ಅದು ಸದಾ ಒದ್ದೆ ಅಂತಲೇ ಹೇಳಿತು. ಅದನ್ನು ಇಳಿಸಿದೆ. ಆದರೆ ಜಾಲದ ಹಳೆ ದಾಖಲೆ ತೆಗೆದು ನೋಡಿದಾಗ ಬೇರೆಯೇ ಕಂಡಿತು. ನೋಡ್‌ಗಳ ಜಾಗ ಹುಡುಕುವಾಗ ಕಾಟ ಕೊಟ್ಟ ಅದೇ ಆರು ಡಿಬಿ! ಮಳೆ ಶುರುವಾದರೆ ಸಿಗ್ನಲ್ ಇಳಿಯುತ್ತದೆ. ಮಳೆ ನಿಂತ ಮೇಲೆ ತೋಟ ಒಣಗಿದ ಹಾಗೆ ನಿಧಾನ ಏರುತ್ತದೆ. ಬಿಸಿಲಿದ್ದರೆ ಎರಡು ಮೂರು ಗಂಟೆ, ಮೋಡ ಇದ್ದರೆ ಇಡೀ ದಿನ. ದಾರಿ ಕದಲದೆ ಇರುವುದರಿಂದಲೇ ಈ ದಾಖಲೆ ಸಿಕ್ಕಿದ್ದು. ಪೇರೆಂಟ್ ಬದಲಾಗುತ್ತಿದ್ದರೆ ಯಾವ ಲಿಂಕ್ ಯಾವುದು ಅಂತ ತಿಳಿಯುತ್ತಲೇ ಇರಲಿಲ್ಲ.

ಈ ಮಳೆಗಾಲಕ್ಕೆ ತಿರುವಿನ ಎರಡು ಲಿಂಕ್‌ಗಳನ್ನು ಅಡಿಕೆ ತಲೆಯ ಎತ್ತರಕ್ಕೆ ಏರಿಸಿದ್ದೇನೆ. ಸಿಗ್ನಲ್ ವಾಪಸ್ ಏರಲು ಎಷ್ಟು ಗಂಟೆ ಹಿಡಿಯಿತು ಅಂತ ದಿನಾ ಬರೆಯುತ್ತಿದ್ದೇನೆ. ಪಕ್ಕದ ಕಾಲಂನಲ್ಲಿ ಯಾವ ಮರದ ಕೆಳಗೆ ಕೊಳೆ ಕಾಯಿ ಉದುರಿತು ಅಂತ ಕಾಲುವೆ, ಮರದ ನಂಬರ್ ಸಹಿತ ಬರೆಯುತ್ತಿದ್ದೇನೆ. ಮಲೆನಾಡಿನಲ್ಲಿ ಯಾರ ಹತ್ತಿರವಾದರೂ 865ರ ಲೋರಾ ಲಿಂಕ್ ತೋಟದೊಳಗೆ ಓಡುತ್ತಿದ್ದರೆ ಆರ್‌ಎಸ್‌ಎಸ್‌ಐ ಅಂಕಿಗಳನ್ನು ಅಳಿಸಬೇಡಿ, ಮಳೆಯ ಲೆಕ್ಕದ ಜೊತೆ ಇಟ್ಟುಕೊಳ್ಳಿ. ಎರಡು ಮೂರು ತೋಟದ್ದು ಸಿಕ್ಕಿದರೆ ಪಕ್ಕ ಪಕ್ಕ ಇಟ್ಟು ನೋಡೋಣ.